ಅರಮನೆಯ ಚೌಕಳಿ ಉಟ್ಟವನು

ಲೂಯಿಸ್ ಗ್ರೂವರನ ಕಾಲು ಒಂದು ಕಡೆ ನಿಂತದ್ದನ್ನು ಇನ್ವರ್‌ಕೋರಿಯಲ್ಲಿ ಯಾರೂ ಕಂಡವರಿಲ್ಲ. ಊಟಕ್ಕೆ ಕೂತರೆ ಮೇಜಿನ ಕೆಳಗೆ ಮೊಣಕಾಲು ಕುಣಿಯುತ್ತಿತ್ತು. ಭಾನುವಾರ ಪಾದ್ರಿಯ ಉಪದೇಶ ಅರ್ಧಕ್ಕೆ ಬರುವಷ್ಟರಲ್ಲಿ ಅವನು ಎದ್ದು ಹೊರಗೆ ಹೋಗಿ, ಚರ್ಚಿನ ಗೋಡೆಯ ಸುತ್ತ ತಿರುಗುತ್ತಿದ್ದ. ಅಂಥವನನ್ನು ಹಿಡಿದು, ಕದಲದೆ ನಿಲ್ಲುವುದೇ ಕೆಲಸವಾದ ಕೆಲಸಕ್ಕೆ ಹಾಕಿದ್ದು ಸ್ಕಾಟ್‌ಲೆಂಡಿನ ಡೀ ನದಿಯ ದಂಡೆಯ ಅರಮನೆಯವರು.

ಅದಕ್ಕೆ ಕಾರಣ ಅವನ ಎತ್ತರ. ರಾಣಿ ವಿಧವೆಯಾಗಿ ಏಳು ವರ್ಷ ಕಳೆದಿದ್ದರೂ ಅರಮನೆಯ ಆಳುಕಾಳುಗಳೆಲ್ಲ ಇನ್ನೂ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡೇ ಓಡಾಡುತ್ತಿದ್ದ ಕಾಲ ಅದು. ಲೂಯಿಸ್ ಬೆಟ್ಟದ ಮೇಲೆ ಬೇಟೆಯವರ ಹಿಂದೆ ಕುದುರೆ ಹೊಡೆದುಕೊಂಡು ಹೋಗುತ್ತಿದ್ದ. ಹೊಡೆದ ಜಿಂಕೆಯನ್ನು ಹೇರಿಕೊಂಡು ಇಳಿಯುತ್ತಿದ್ದ. ಒಂದು ಮಧ್ಯಾಹ್ನ ಅರಮನೆಯ ಉಸ್ತುವಾರಿ ಕ್ರೆಸ್‌ವೆಲ್ ಸಾಹೇಬರು ಅಂಗಳದಲ್ಲಿ ಅವನನ್ನು ಕಂಡು, ಮೇಲಿನಿಂದ ಕೆಳಗಿನವರೆಗೆ ಕುದುರೆ ನೋಡುವ ಹಾಗೆ ನೋಡಿದರು. ಇಂಗ್ಲೆಂಡಿನಿಂದ ಬಂದ ಸೇವಕರು ಬಿಳಿ ಕಾಲುಚೀಲದೊಳಗೆ ಮೆತ್ತೆ ತುರುಕಿಕೊಂಡು ಮೀನಖಂಡ ದಪ್ಪ ಮಾಡಿಕೊಳ್ಳುತ್ತಿದ್ದರು. ಲೂಯಿಸನಿಗೆ ಅದರ ಅಗತ್ಯವಿರಲಿಲ್ಲ. ಮರುದಿನವೇ ಅವನನ್ನು ಬಟ್ಟೆ ಕೋಣೆಗೆ ಕಳಿಸಿದರು.

ಬಟ್ಟೆ ಕೋಣೆಯನ್ನು ಆಳುತ್ತಿದ್ದವಳು ಎಲ್ಸ್‌ಪೆಟ್ ಡರ್ವರ್ಡ್. ಅವಳ ತಾಯಿಯೂ ಅಲ್ಲೇ ಹೊಲಿದವಳು, ರಾಣಿಯ ಕುಟುಂಬ ಮೊದಲ ಸಲ ಈ ಕಣಿವೆಗೆ ಬಂದಾಗಿನಿಂದ. ಎಲ್ಸ್‌ಪೆಟ್‌ಗೆ ಲೂಯಿಸನಿಗಿಂತ ನಾಲ್ಕು ವರ್ಷ ಹೆಚ್ಚು. ಬಾಯಲ್ಲಿ ಯಾವಾಗಲೂ ಎರಡು ಗುಂಡುಸೂಜಿ. ಎಂಟು ಗಜ ಕೆಂಪು ಚೌಕಳಿ ಬಟ್ಟೆಯನ್ನು ಅವನ ಸೊಂಟಕ್ಕೆ ಸುತ್ತಿ, ಹಿಂದುಗಡೆ ನಿರಿಗೆ ಹಿಡಿಯತೊಡಗಿದಳು. ಒಂದೊಂದು ನಿರಿಗೆ ಮಡಿಸಿದಾಗಲೂ ಚೌಕಳಿಯ ಗೆರೆ ಮುರಿಯದೆ ಮುಂದಿನ ಗೆರೆಗೆ ಕೂಡಬೇಕು. ನೂಲೆಳೆಯಷ್ಟು ತಪ್ಪಿದರೂ ಬಿಚ್ಚಿ ಮತ್ತೆ ಹಿಡಿಯಬೇಕು. ಲೂಯಿಸ್ ಮೂರು ಸಲ ಕಾಲು ಬದಲಿಸಿದ. ಅವಳು ಮೂರು ಸಲ ಬಿಚ್ಚಿದಳು.

"ನೀನೇನು ಲಾಯದಲ್ಲಿ ಕಟ್ಟಿದ ಪ್ರಾಣಿಯಾ? ನೆಟ್ಟಗೆ ನಿಂತ್ಕೊ ಮಾರಾಯ. ಸೂಜಿ ತೊಡೆಗೆ ಹೋದ್ರೆ ಆಮೇಲೆ ನನ್ನ ಬೈಬೇಡ."

"ನಾನು ಹುಟ್ಟಿದಾಗಿಂದ ಪ್ಯಾಂಟು ಹಾಕ್ಕೊಂಡವನು. ಕಾಲ ಮಧ್ಯೆ ಗಾಳಿ ಆಡಿದ್ರೆ ಓಡಬೇಕು ಅನ್ಸತ್ತೆ."

"ಓಡೋ ಹಾಗಿದ್ರೆ ಬಟ್ಟೆ ಬಿಚ್ಚಿಟ್ಟು ಓಡು. ಇದು ಅರಮನೆದು."

ಅವನು ಹೇಳಿದ್ದು ಸುಳ್ಳಲ್ಲ. ಕಣಿವೆಯ ಗಂಡಸರು ಮನೆಯಲ್ಲೇ ನೂತ ಬೂದು ಉಣ್ಣೆಯ ಪ್ಯಾಂಟು ತೊಡುತ್ತಿದ್ದರು. ಹೀಗೆ ನಿರಿಗೆ ಹಿಡಿದ ಚೌಕಳಿಯ ಕಿಲ್ಟ್ ಉಟ್ಟವರನ್ನು ನೋಡಬೇಕಾದರೆ ಅರಮನೆಗೋ ಸಿಪಾಯಿಗಳ ಮೆರವಣಿಗೆಗೋ ಹೋಗಬೇಕಿತ್ತು. ಮಂಡಿಯೂರಿದಾಗ ಅಂಚು ನೆಲವನ್ನು ಸವರಿದರೆ ಸಾಕು, ಮಲಗಬಾರದು ಎಂಬುದು ಎಲ್ಸ್‌ಪೆಟ್ಟಳ ಅಳತೆ. ಅವನನ್ನು ಮಂಡಿಯೂರಿಸಿ, ಏಳಿಸಿ, ಬೆಳ್ಳಿ ಗುಂಡಿಯ ಗಿಡ್ಡ ಕೋಟು ತೊಡಿಸಿ, ಸೊಂಟದ ಮುಂದೆ ಉದ್ದ ಕೂದಲಿನ ಚೀಲ ತೂಗುಬಿಟ್ಟು, ಪಕ್ಕಕ್ಕೆ ಕಠಾರಿ ಸಿಕ್ಕಿಸಿ, ಕನ್ನಡಿಯ ಮುಂದೆ ತಳ್ಳಿದಳು. ಕನ್ನಡಿಯಲ್ಲಿದ್ದವನು ಯಾರೋ ದಳವಾಯಿಯ ಹಾಗಿದ್ದ. ಲೂಯಿಸನಿಗೆ ನಗು ಬಂತು, ಹಿಂದೆಯೇ ಮುಖ ಬಿಸಿಯಾಯಿತು.

ಮೊದಲ ರಜೆಗೆ ಅದೇ ಬಟ್ಟೆಯಲ್ಲಿ ಊರಿಗೆ ಹೋಗಲು ಅಪ್ಪಣೆ ಸಿಕ್ಕಿತು. ಇನ್ವರ್‌ಕೋರಿ ಐದು ಮನೆಗಳ ಊರು, ಅರಮನೆಯಿಂದ ಒಂಬತ್ತು ಮೈಲಿ. ಅಣ್ಣ ಎವನ್ ಹಟ್ಟಿಯ ಬಾಗಿಲಲ್ಲಿ ಸನಿಕೆ ಹಿಡಿದು ನಿಂತಿದ್ದ. "ಲೇ, ಲಂಗ ಚೆನ್ನಾಗಿದೆ ಕಣೋ," ಎಂದ. "ಒಳಗೆ ಬಾ, ಸೆಗಣಿ ಬಳಿಯೋದಿದೆ." ಎವನನ ಹೆಂಡತಿ ಶಾಲಿನ ತುದಿಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ನಗದೆ ಇದ್ದವಳು ಮೋರ್ ಅಜ್ಜಿ ಒಬ್ಬಳೇ. ಎಂಬತ್ತಮೂರು ದಾಟಿದ ಮುದುಕಿ, ಕಣ್ಣು ಮಂಜಾಗಿತ್ತು. ಒಲೆಯ ಬಳಿ ಅವನನ್ನು ಹತ್ತಿರ ಕರೆದು ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿದಳು. ನಿರಿಗೆಯೊಳಗೆ ಕೈಹಾಕಿ ಎಷ್ಟು ಮಡಿಕೆ ಇದೆಯೆಂದು ನೋಡಿದಳು. ಆಮೇಲೆ ತನ್ನ ಅಪ್ಪನ ಮಾತು ತೆಗೆದಳು. ರಾಜನ ವಿರುದ್ಧ ಎದ್ದ ಯುದ್ಧ ಸೋತ ಮೇಲೆ ಬೆಟ್ಟದವರು ಈ ಉಡುಪು ಉಡಕೂಡದೆಂದು ಕಾನೂನು ಬಂದಾಗ ಅವಳ ಅಪ್ಪ ಹುಡುಗ. ಹದಿನೆಂಟಕ್ಕೆ ಬರುವ ಹೊತ್ತಿಗೂ ಮೈಮೇಲೆ ಇದ್ದದ್ದು ಅಪ್ಪನಿಂದ ಬಂದ ಅದೊಂದೇ ಬಟ್ಟೆ. ಸಂತೆಗೆ ಹೋದಾಗ ಸಿಪಾಯಿಗಳು ಹಿಡಿದರು. ಇನ್ವರ್ನೆಸ್ಸಿನಲ್ಲಿ ಆರು ತಿಂಗಳು ಜೈಲು. ಇನ್ನೊಂದು ಸಲ ಸಿಕ್ಕಿಬಿದ್ದರೆ ಏಳು ವರ್ಷ ಕಡಲಾಚೆ. ಬಿಡುಗಡೆಯಾಗಿ ಬಂದವನು ಅದೇ ಬಟ್ಟೆಯನ್ನು ಕಾಲುಗಳ ನಡುವೆ ಹೊಲಿದು, ಪ್ಯಾಂಟು ಎಂದು ಹೇಳಿಕೊಂಡು ಹಾಕುತ್ತಿದ್ದನಂತೆ.

"ಇದನ್ನ ಉಡು ಅಂತ ನಿಂಗೆ ಹೇಳಿದ್ದು ಯಾರು ಮಗಾ?"

"ಅರಮನೆಯೋರು ಅಜ್ಜಿ."

"ಬಿಚ್ಚು ಅಂತ ನಮ್ಮಪ್ಪಂಗೆ ಹೇಳಿದ್ದೂ ಅವರೇ."

"ಅದು ಬೇರೆ ರಾಜ. ಹಳೇ ಕಾಲ."

"ಬೇರೆ ಏನು ಬಂತು. ಅದೇ ಮನೆತನ," ಎಂದು ಅಜ್ಜಿ ಬಟ್ಟೆ ಬಿಟ್ಟಳು. ಆಮೇಲೆ, ಚಳಿ ಹತ್ತಲ್ವಾ ಕಾಲಿಗೆ ಎಂದು ಕೇಳಿದಳು. ಅಷ್ಟೇ. ಆದರೆ ಹಿಂದಿರುಗುವಾಗ ಒಂಬತ್ತು ಮೈಲಿಯುದ್ದಕ್ಕೂ ಲೂಯಿಸನಿಗೆ ತನ್ನ ಸೊಂಟದ ಮೇಲೆ ಇರುವುದು ಬಟ್ಟೆಯಲ್ಲ, ಯಾರದೋ ಕೈ ಎನ್ನಿಸುತ್ತಿತ್ತು.

ಆ ಚಳಿಗಾಲ ಅವನನ್ನು ಇಂಗ್ಲೆಂಡಿಗೆ ಕರೆದೊಯ್ದರು. ಅಲ್ಲಿಯ ಅರಮನೆಯ ಮೊಗಸಾಲೆಯಲ್ಲಿ ಅವನ ಕೆಲಸ ಬಾಗಿಲ ಪಕ್ಕ ನಿಲ್ಲುವುದು. ಬಂದ ಹೆಂಗಸರು ಬೀಸಣಿಗೆಯ ಮರೆಯಲ್ಲಿ ಅವನ ಮಂಡಿ ನೋಡುತ್ತಿದ್ದರು. ಒಬ್ಬ ಚಿತ್ರಕಾರ ಗೋಡೆಯಿಂದ ಹಳೇ ಕತ್ತಿ ಇಳಿಸಿ ಅವನ ಕೈಗೆ ಕೊಟ್ಟು, ಹುಬ್ಬು ಗಂಟಿಕ್ಕು ಎಂದು ನಾಲ್ಕು ಬೆಳಗು ನಿಲ್ಲಿಸಿದ. ಅಲ್ಲಿದ್ದ ಮುದಿ ದರ್ಜಿಯೊಬ್ಬನಿಗೆ ಲೂಯಿಸ್ ಗಂಟುಬಿದ್ದ. ಈ ಗಿಡ್ಡ ಕೋಟು, ಈ ಗುಂಡಿ, ಈ ಚೀಲ ಹೀಗೇ ಇರಬೇಕೆಂದು ಹೇಳಿದವರಾರು? ದರ್ಜಿ ತನ್ನ ಅಪ್ಪ ಹೇಳಿದ್ದನ್ನು ಹೇಳಿದ: ಹಿಂದಿನ ದೊರೆಯೊಬ್ಬರು ಎಡಿನ್‌ಬರೋಗೆ ಬರುತ್ತಾರೆಂದು ಗೊತ್ತಾದ ವರ್ಷ ಇಡೀ ಸ್ಕಾಟ್‌ಲೆಂಡಿನ ದೊಡ್ಡ ಮನುಷ್ಯರೆಲ್ಲ ದರ್ಜಿಗಳ ಬಾಗಿಲು ಬಡಿದರಂತೆ, ನಮಗೂ ಒಂದು ಹಳೇ ಉಡುಪು ಬೇಗ ಹೊಸದಾಗಿ ಹೊಲಿದುಕೊಡಿ ಎಂದು. ಈ ಉಡುಪಿನಲ್ಲಿ ಅರ್ಧ ಆಗ ಹುಟ್ಟಿದ್ದು. ಉಳಿದರ್ಧ ಅರಮನೆಯವರೇ ಕೂತು ಮಾಡಿದ್ದು. ಕೆಂಪು ಯಾರಿಗೆ, ಬೂದು ಯಾರಿಗೆ, ಬೆಳಗ್ಗೆ ಯಾವುದು, ಊಟಕ್ಕೆ ಯಾವುದು, ಎಲ್ಲಕ್ಕೂ ಬರೆದಿಟ್ಟ ನಿಯಮ ಇತ್ತು.

ಲೂಯಿಸ್ ಎಲ್ಸ್‌ಪೆಟ್‌ಗೆ ಕಾಗದ ಬರೆದ. ಇಲ್ಲಿ ನಿದ್ದೆ ಬರುವುದಿಲ್ಲ, ಹಜಾರ ನಡೆದು ನಡೆದು ಕಾವಲಿನವರಿಂದ ಬೈಸಿಕೊಂಡೆ, ನಾನು ಮನುಷ್ಯನೋ ಗೂಟಕ್ಕೆ ತೊಡಿಸಿದ ಬಟ್ಟೆಯೋ ತಿಳಿಯುತ್ತಿಲ್ಲ ಎಂದು ಎರಡು ಪುಟ. ಅವಳ ಉತ್ತರ ಮೂರು ಸಾಲು: ಬಟ್ಟೆಗೆ ನುಸಿ ಬೀಳದ ಹಾಗೆ ದೇವದಾರಿನ ಚಕ್ಕೆ ಇಡು. ತೋಯ್ದರೆ ಒಲೆಯ ಹತ್ತಿರ ಒಣಗಿಸಬೇಡ. ಬೇಸಿಗೆಗೆ ಬರುತ್ತೀಯಲ್ಲ. ಆ ಕೊನೆಯ ಸಾಲನ್ನು ಅವನು ಎಷ್ಟು ಸಲ ಓದಿದನೋ.

ಬೇಸಿಗೆಗೆ ಬಂದ. ಸೆಪ್ಟೆಂಬರಿನಲ್ಲಿ ಒಂದು ದಿನ ಎವನ್ ಅರಮನೆಯ ಹಿಂಬಾಗಿಲಿಗೆ ಬಂದು ನಿಂತ. ಇನ್ವರ್‌ಕೋರಿಯ ಜಮೀನನ್ನು ಎರಡು ವರ್ಷದ ಹಿಂದೆ ಕೊಂಡಿದ್ದ ಸರ್ ಹ್ಯೂಬರ್ಟ್ ಲೇಕಾಕ್ ಎಂಬ ಸಾಹುಕಾರ ಐದೂ ಮನೆಗೆ ನೋಟೀಸು ಕಳಿಸಿದ್ದ. ಅಲ್ಲಿ ಜಿಂಕೆ ಬಿಡಬೇಕಂತೆ. ನವೆಂಬರಿನೊಳಗೆ ಖಾಲಿ ಮಾಡಬೇಕು. ಅಜ್ಜಿಗೆ ಇನ್ನೂ ಹೇಳಿಲ್ಲ ಎಂದ ಎವನ್. ಲೂಯಿಸ್ ಅಣ್ಣನ ಜೊತೆ ಸೇತುವೆಯವರೆಗೆ ನಡೆದ, ವಾಪಸು ಬಂದ, ಮತ್ತೆ ಸೇತುವೆಯವರೆಗೆ ಒಬ್ಬನೇ ಹೋದ. ಯಾರಿಗೆ ಹೇಳುವುದು? ಊಟದ ಮೇಜಿನ ಹಿಂದೆ ನಿಲ್ಲುವ ಆಳಿಗೆ ಬಾಯಿಲ್ಲ. ಕೇಳಿದರೆ ಮಾತ್ರ, ಕೇಳಿದಷ್ಟೇ.

ಬಟ್ಟೆ ಕೋಣೆಯಲ್ಲಿ ಅವನು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ತಿರುಗುವುದನ್ನು ಎಲ್ಸ್‌ಪೆಟ್ ಬಹಳ ಹೊತ್ತು ನೋಡಿದಳು. "ಬಾಯಿ ತೆಗೆದ್ರೆ ನಿನ್ನ ಕೆಲಸ ಹೋಗತ್ತೆ," ಎಂದಳು. "ತೆಗೀದಿದ್ರೆ ನನ್ನ ನೆಲ ಸವೆಯತ್ತೆ. ಏನು ಮಾಡ್ತೀಯೋ ನೀನೇ ನೋಡು."

ಅದಾಗಿ ಐದು ದಿನಕ್ಕೆ ಔತಣ. ರಾಣಿ ಅಂದು ತಮ್ಮ ಕೋಣೆಯಲ್ಲೇ ಊಟ ಮಾಡಿದ್ದರಿಂದ ಆಸ್ಥಾನದ ಹಿರಿಯ ಅಧಿಕಾರಿಯೊಬ್ಬರು ಮೇಜಿನ ತಲೆಗೆ ಕೂತಿದ್ದರು. ಅತಿಥಿಗಳಲ್ಲಿ ಸರ್ ಹ್ಯೂಬರ್ಟನೂ ಇದ್ದ. ಅವನೂ ಕಿಲ್ಟ್ ಉಟ್ಟಿದ್ದ, ಇನ್ನೂ ಗಂಜಿ ಬಿಡದ ಹೊಸ ಚೌಕಳಿ. ಮಂಡಿ ಮಾತ್ರ ಹಾಲಿನಷ್ಟು ಬಿಳಿ. ಲೂಯಿಸ್ ಅವನ ಕುರ್ಚಿಯ ಹಿಂದೆಯೇ ಜಿಂಕೆ ಮಾಂಸದ ತಟ್ಟೆ ಹಿಡಿದು ನಿಂತಿದ್ದ. ಮಾತು ಬೇಟೆಯಿಂದ ಜಮೀನಿಗೆ ಬಂತು. ತನ್ನ ಕಣಿವೆಯಲ್ಲಿ ಐದು ಗುಡಿಸಲು ಉಳಿದಿವೆ, ಅವೂ ಈ ಚಳಿಗಾಲಕ್ಕೆ ಹೋಗುತ್ತವೆ ಎಂದ ಸರ್ ಹ್ಯೂಬರ್ಟ್. ಹೋದರೆ ನಷ್ಟವೇನಿಲ್ಲ; ಅಲ್ಲಿರುವವರು ಹೆಸರಿಗಷ್ಟೇ ಬೆಟ್ಟದವರು, ಒಬ್ಬನ ಮೈಮೇಲಾದರೂ ತಮ್ಮ ಹಿರಿಯರ ಉಡುಪಿಲ್ಲ, ಗಾಡಿ ಹೊಡೆಯುವವರ ಹಾಗೆ ಪ್ಯಾಂಟು ಹಾಕುತ್ತಾರೆ. ನಿಜವಾದ ಬೆಟ್ಟದವನನ್ನು ನೋಡಬೇಕಾದರೆ ಇಲ್ಲಿ ನೋಡಿ ಎಂದು ಫೋರ್ಕನ್ನು ಹೆಗಲ ಮೇಲಿಂದ ಲೂಯಿಸನತ್ತ ತೋರಿಸಿದ. ಎಲ್ಲರೂ ನೋಡಿದರು. ಸರ್ ಹ್ಯೂಬರ್ಟ್ ಕುರ್ಚಿಯಲ್ಲೇ ತಿರುಗಿ, ಒಳ್ಳೆಯ ಮನಸ್ಸಿನಿಂದಲೇ, ಕೇಳಿದ: "ಯಾವೂರಪ್ಪಾ ನಿಂದು?"

ಲೂಯಿಸನ ಕೈಯಲ್ಲಿ ತಟ್ಟೆ ಬಿಸಿಯಾಗಿತ್ತು.

"ಇನ್ವರ್‌ಕೋರಿ, ಸ್ವಾಮಿ. ಆ ಐದು ಮನೇಲಿ ನಡುವಿನದು ನಮ್ಮದು."

ಸರ್ ಹ್ಯೂಬರ್ಟನ ಕತ್ತು ಮೊದಲು ಕೆಂಪಾಯಿತು, ಆಮೇಲೆ ಮುಖ. ಮೇಜಿನ ತಲೆಗಿದ್ದ ಅಧಿಕಾರಿ ಲೂಯಿಸನನ್ನು ಒಂದು ಗಳಿಗೆ ನೋಡಿ, ಮನೆಯಲ್ಲಿ ಯಾರಿದ್ದಾರೆ ಎಂದು ತಗ್ಗಿದ ದನಿಯಲ್ಲಿ ವಿಚಾರಿಸಿದರು. ಅಣ್ಣ, ಅತ್ತಿಗೆ, ಎಂಬತ್ತನಾಲ್ಕು ವರ್ಷದ ಅಜ್ಜಿ ಎಂದ ಲೂಯಿಸ್. ಕೇಳಿದಷ್ಟಕ್ಕೆ ಉತ್ತರ, ಒಂದು ಅಕ್ಷರ ಹೆಚ್ಚಿಲ್ಲ. ಆಮೇಲೆ ತಟ್ಟೆಯನ್ನು ಸರ್ ಹ್ಯೂಬರ್ಟನ ಎಡಗಡೆ ಬಗ್ಗಿಸಿ ಹಿಡಿದ. ಅವನು ಬೇಡವೆಂದು ಕೈಯಾಡಿಸಿದ.

ಮರುದಿನ ಕ್ರೆಸ್‌ವೆಲ್ ಸಾಹೇಬರು ಕರೆಸಿದರು. ಸಿಟ್ಟಿಗಿಂತ ಅವರಿಗೆ ಗೊಂದಲವೇ ಹೆಚ್ಚಾಗಿತ್ತು. ಅತಿಥಿಯನ್ನು ನಾಚಿಸಿದ ಆಳನ್ನು ತೆಗೆದುಹಾಕುವುದು ಪದ್ಧತಿ. ಆದರೆ ಕೇಳಿದ ಪ್ರಶ್ನೆಗೆ ನಿಜ ಹೇಳಿದವನನ್ನು ಯಾವ ತಪ್ಪಿಗೆಂದು ತೆಗೆಯುವುದು? ಇನ್ನು ಮೇಲೆ ಮೇಜಿಗೆ ಬೇಡ, ದೀಪದ ಕೋಣೆಯಲ್ಲಿರು ಎಂದರು. ಲೂಯಿಸ್ ದೀಪದ ಕೋಣೆಯಲ್ಲಿ ಎರಡು ವಾರ ಗಾಜು ಒರೆಸಿದ. ಒಂಬತ್ತು ಹೆಜ್ಜೆ ಉದ್ದ, ಐದು ಹೆಜ್ಜೆ ಅಗಲದ ಕೋಣೆ. ಹದಿನೈದನೆಯ ದಿನ ತಾನೇ ಕೆಲಸ ಬಿಡುತ್ತೇನೆಂದು ಹೇಳಿ, ಬಟ್ಟೆಯನ್ನು ಮಡಿಸಿಕೊಂಡು ಎಲ್ಸ್‌ಪೆಟ್ಟಳ ಬಳಿ ಹೋದ. ಅವಳು ನಿರಿಗೆ ಬಿಡಿಸಿ ನೋಡಿ, ಎಲ್ಲೂ ಹರಿದಿಲ್ಲ ಎಂದಳು.

"ಇನ್ನೇನು ಮಾಡ್ತೀಯ?"

"ನಡೀತೀನಿ."

"ಎಲ್ಲಿಗೆ?"

"ಬೆಟ್ಟದಾಚೆಗೆ ಅಂಚೆ ಹೊರೋ ಕೆಲಸ ಖಾಲಿ ಇದೆಯಂತೆ. ನಿಮಗೆ ಬೇಜಾರಿಲ್ಲದಿದ್ರೆ ವಾರಕ್ಕೆರಡು ಸಲ ಈ ದಾರೀಲಿ ಬರ್ತೀನಿ."

"ಇಷ್ಟು ದಿನ ಆದಮೇಲೂ ನೀವು ಅನ್ಬೇಡ ನನ್ನ," ಎಂದಳು ಎಲ್ಸ್‌ಪೆಟ್.

ಆ ಔತಣದ ಮಾತು ಒಳಗೊಳಗೇ ಎಲ್ಲಿಗೆ ಮುಟ್ಟಿತೋ, ಅಧಿಕಾರಿ ಒಂದು ಕಾಗದ ಬರೆದರೆಂದು ಆಳುಗಳು ಹೇಳಿಕೊಂಡರು. ಅರಮನೆಯ ಮುನಿಸು ಸರ್ ಹ್ಯೂಬರ್ಟನಿಗೆ ಬೇಕಿರಲಿಲ್ಲ. ನೋಟೀಸನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಮೇ ತಿಂಗಳಿಗೆ ಮುಂದೂಡಿದ. ಮೋರ್ ಅಜ್ಜಿ ಮಾರ್ಚಿನಲ್ಲಿ, ಹಿಮ ಇನ್ನೂ ಚಾವಣಿಯ ಮೇಲಿದ್ದಾಗ, ತನ್ನ ಹಾಸಿಗೆಯಲ್ಲೇ ಹೋದಳು. ಮೇ ತಿಂಗಳಲ್ಲಿ ಐದು ಮನೆಯವರೂ ಸಾಮಾನು ಹೇರಿಕೊಂಡು ಬೆಟ್ಟ ದಾಟಿದರು. ಎವನನಿಗೆ ಸ್ಪೇ ನದಿಯ ಕಡೆ ಹೆಂಡತಿಯ ತವರಿನವರ ಪಕ್ಕದಲ್ಲಿ ಒಂದು ತುಂಡು ನೆಲ ಸಿಕ್ಕಿತು. ಒಂದು ಚಳಿಗಾಲ ಗೆದ್ದೆ ಎಂದು ಲೂಯಿಸ್ ಎಂದೂ ಹೇಳಿಕೊಳ್ಳಲಿಲ್ಲ. ಒಂದು ಚಳಿಗಾಲ ಮಾತ್ರವಾಯಿತು ಎಂದು ಕೊರಗಿದ.

ಲೂಯಿಸ್ ಮತ್ತು ಎಲ್ಸ್‌ಪೆಟ್ ಮರುವರ್ಷ ಮದುವೆಯಾದರು. ಅವಳು ಹಳ್ಳಿಯ ಮನೆಯಲ್ಲಿ ಕೂತೇ ಅರಮನೆಗೆ ಹೊಲಿಯುತ್ತಿದ್ದಳು. ಅವನು ಅಂಚೆ ಚೀಲ ಹೆಗಲಿಗೆ ಹಾಕಿ ಮಳೆ ಹಿಮ ಎನ್ನದೆ ಬೆಟ್ಟ ಹತ್ತಿ ಇಳಿಯುತ್ತಿದ್ದ. ನಡೆಯುವಾಗ ಮಾತ್ರ ಅವನಿಗೆ ಸಮಾಧಾನ. ಮನೆಗೆ ಬಂದರೆ ಗೋಡೆಯ ಗೂಟದಲ್ಲಿ ಆರೇಳು ಕೆಂಪು ಚೌಕಳಿಗಳು ತೂಗುತ್ತಿರುತ್ತಿದ್ದವು. ಅವುಗಳಿಗೆ ಬೆನ್ನು ಹಾಕಿ ಗಂಜಿ ಕುಡಿದು ಮತ್ತೆ ಹೊರಗೆ ಹೋಗುತ್ತಿದ್ದ. ಹೀಗೆ ಎಂಟು ವರ್ಷ.

ಒಂಬತ್ತನೆಯ ವರ್ಷ ಅರಮನೆಗೆ ಹೊರದೇಶದ ದೊಡ್ಡ ಅತಿಥಿಗಳು ಬರುವವರಿದ್ದರು. ಕ್ರೆಸ್‌ವೆಲ್ ಸಾಹೇಬರು ಹೋಗಿ ಬೇರೊಬ್ಬ ಉಸ್ತುವಾರಿ ಬಂದಿದ್ದ. ಎಲ್ಸ್‌ಪೆಟ್ ಅಲ್ಲಿಂದ ಬಂದವಳು ಹೊದಿಕೆ ತೆಗೆಯುತ್ತಲೇ ಹೇಳಿದಳು: "ಎತ್ತರದ ಆಳು ಒಬ್ಬ ಕಮ್ಮಿ ಬಿದ್ದಿದಾನೆ. ಒಂದೇ ಸಂಜೆಗೆ. ನಿನ್ನ ಹೆಸರು ನಾನು ಎತ್ತಲಿಲ್ಲ, ಅವರೇ ಎತ್ತಿದ್ರು. ನಿನ್ನ ಬಟ್ಟೆ ಇನ್ನೂ ಕಪಾಟಲ್ಲಿದೆ."

ಆಗುವುದಿಲ್ಲ ಎಂದ. ಹೊಳೆಯವರೆಗೆ ಹೋಗಿ ಬಂದು ಮತ್ತೆ ಆಗುವುದಿಲ್ಲ ಎಂದ. ಮೂರನೆಯ ಸಲ ಹೋಗಿ ಬಂದು, ಹೋಗುತ್ತೇನೆ ಎಂದ. ಯಾಕೆಂದು ಅವಳೂ ಕೇಳಲಿಲ್ಲ. ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ. ನಿಲ್ಲಲು ಆಗುತ್ತದೋ ಇಲ್ಲವೋ ನೋಡೋಣ ಎಂದಿರಬೇಕು.

ಆ ಸಂಜೆ ಅವನು ಕಿಟಕಿಯ ಪಕ್ಕ ನಿಂತ. ಅತಿಥಿಯೊಬ್ಬ ಅಂದು ಮಧ್ಯಾಹ್ನ ಇನ್ವರ್‌ಕೋರಿಯ ಕಡೆ ಬೇಟೆಗೆ ಹೋಗಿದ್ದನಂತೆ. ಎಂಥ ಶಾಂತವಾದ ಜಾಗ, ಲೋಕ ಹುಟ್ಟಿದಾಗಿನಿಂದ ಅಲ್ಲಿ ಮನುಷ್ಯರ ಹೆಜ್ಜೆಯೇ ಬಿದ್ದಿಲ್ಲವೇನೋ ಎಂದು ಪಕ್ಕದವಳಿಗೆ ಹೇಳಿದ. ಲೂಯಿಸ್ ಮೂರು ಹೆಜ್ಜೆ ದೂರದಲ್ಲಿದ್ದ. ಈ ಸಲ ಅವನನ್ನು ಯಾರೂ ಏನೂ ಕೇಳಲಿಲ್ಲ.

ಮನೆಗೆ ಬಂದು ಒಲೆಯ ಪಕ್ಕ ಕೂತವನು ಬಹಳ ಹೊತ್ತು ತನ್ನ ಮಂಡಿಯನ್ನೇ ನೋಡುತ್ತಿದ್ದ.

"ಕಾಲು ಅಲ್ಲಾಡಲಿಲ್ಲ ಎಲ್ಸ್‌ಪೆಟ್. ಮೂರು ಗಂಟೆ."

"ಒಳ್ಳೇದಾಯ್ತಲ್ಲ."

"ಇನ್ವರ್‌ಕೋರೀಲಿ ಮನುಷ್ಯರೇ ಇರಲಿಲ್ಲವೇನೋ ಅಂತ ಒಬ್ಬ ಅಂದಾಗಲೂ ಅಲ್ಲಾಡಲಿಲ್ಲ. ಆ ಬಟ್ಟೆಯೊಳಗೆ ಇನ್ನೊಂದು ವರ್ಷ ಇದ್ದಿದ್ರೆ ನಾನೂ ಹೌದು ಅಂತಿದ್ನೇನೋ." ಮಂಡಿಯ ಮೇಲಿಂದ ಕಣ್ಣೆತ್ತಿ ಹೇಳಿದ: "ನಾವು ಎವನ್ ಇರೋ ಕಡೆ ಹೋಗೋಣ."

ಎಲ್ಸ್‌ಪೆಟ್ ಮಡಿಸುತ್ತಿದ್ದ ಬಟ್ಟೆಯನ್ನು ಮಡಿಸಿ ಮುಗಿಸಿದಳು. ಇಪ್ಪತ್ತೈದು ವರ್ಷದಿಂದ ಅವಳ ಬೆರಳು ಬಲ್ಲದ್ದು ಆ ಕೆಂಪು ಗೆರೆಗಳನ್ನು ಮಾತ್ರ. ಆಚೆ ಕಡೆ ಇದನ್ನು ಉಡುವವರು ಯಾರಿದ್ದಾರೆ, ನಾನು ಅಲ್ಲಿ ಏನು ಹೊಲಿಯಲಿ ಎಂದು ಕೇಳಿದಳು. ಪ್ಯಾಂಟು ಎಂದ ಲೂಯಿಸ್. ಅವಳಿಗೆ ತಡೆಯಲಾರದ ನಗು ಬಂತು, ನಗುತ್ತಲೇ ಕಣ್ಣೊರೆಸಿಕೊಂಡಳು. ಕೈಯಲ್ಲಿರುವ ಆರು ಮುಗಿಸಿಕೊಡದೆ ಬರುವುದಿಲ್ಲ ಎಂದಳು. ಆ ಆರು ಮುಗಿಯುವವರೆಗೆ ಲೂಯಿಸ್ ದಿನಕ್ಕೆ ಹತ್ತು ಸಲ ಬಾಗಿಲಲ್ಲಿ ಬಂದು ಇಣುಕಿ, ಪ್ರತಿ ಸಲವೂ ಬೈಸಿಕೊಂಡ.

ಅಕ್ಟೋಬರಿನ ಮೂರನೆಯ ವಾರ ಒಂದು ಬಾಡಿಗೆ ಗಾಡಿಯಲ್ಲಿ ಹೊರಟರು. ಎಲ್ಸ್‌ಪೆಟ್ ಕತ್ತರಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮೇಲೆ ಕೂತಿದ್ದಳು. ಕುದುರೆಯ ನಡೆ ತಡವೆಂದು ಲೂಯಿಸ್ ಇಳಿದು ಮುಂದೆ ನಡೆದ. ಎರಡು ದಿನದ ದಾರಿ. ಅವರು ಮುಟ್ಟಿದಾಗ ಎವನನ ಹೊಲದಲ್ಲಿ ಆಲೂಗಡ್ಡೆ ಅಗೆಯುತ್ತಿದ್ದರು. ಆಕಾಶ ಕಪ್ಪಾಗಿತ್ತು, ಮಳೆಗೆ ಮುಂಚೆ ಸಾಲು ಮುಗಿಸಬೇಕಿತ್ತು. ಬಂದವರನ್ನು ಮಾತಾಡಿಸಲು ಯಾರಿಗೂ ಪುರುಸೊತ್ತಿರಲಿಲ್ಲ. ಎವನ್ ಸೊಂಟ ನೆಟ್ಟಗೆ ಮಾಡಿ ತಮ್ಮನನ್ನು ಒಮ್ಮೆ ನೋಡಿ ತನ್ನ ಗುದ್ದಲಿಯನ್ನು ಅವನ ಕೈಗೆ ಕೊಟ್ಟ. ಎಲ್ಸ್‌ಪೆಟ್ ಪೆಟ್ಟಿಗೆಯನ್ನು ಹುಲ್ಲಿನ ಮೇಲಿಟ್ಟು, ಗೋಣಿತಾಟೊಂದನ್ನು ಮುಂದೆ ಕಟ್ಟಿಕೊಂಡು, ಬುಟ್ಟಿ ಎತ್ತಿಕೊಂಡು ಓರಗಿತ್ತಿಯ ಪಕ್ಕದ ಸಾಲಿಗೆ ಇಳಿದಳು.